ಊರಲ್ಲಿ ಮನೆ, ಪರದೇಶದಲ್ಲಿ ನೌಕರಿ: ಗೃಹಸಾಲದ ಕಂತು ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ದಾವಣಗೆರೆಯ ವಿದ್ಯಾನಗರ, ಎಸ್.ಎಸ್. ಬಡಾವಣೆ, ಶಾಮನೂರು ಕಡೆ ಒಂದು ಸುತ್ತು ಹಾಕಿದರೆ ಗೇಟಿಗೆ ಬೀಗ ಬಿದ್ದ ಚೆಂದದ ಮನೆಗಳು ಕಣ್ಣಿಗೆ ಬೀಳುತ್ತವೆ. ಸಾಲ ಮಾಡಿ ಕಟ್ಟಿಸಿ, ಗೃಹಪ್ರವೇಶ ಮುಗಿಸಿ, ವರ್ಷ ಎರಡು ವರ್ಷದಲ್ಲೇ ದುಬೈಗೋ ಕೆನಡಾಕ್ಕೋ ಹೊರಟವರ ಮನೆಗಳೂ ಇವುಗಳಲ್ಲಿ ಇವೆ. ಅಲ್ಲಿ ಸಂಬಳ ಚೆನ್ನಾಗಿ ಬರುತ್ತದೆ. ಆದರೂ ಇಲ್ಲಿ ಕಂತು ಬೌನ್ಸ್ ಆಗುತ್ತದೆ. ಏಕೆ? ದುಡ್ಡಿಲ್ಲದೆ ಅಲ್ಲ. ದುಡ್ಡು ಹೋಗುವ ದಾರಿ ಎಲ್ಲೋ ಕಡಿದು ಹೋಗಿರುತ್ತದೆ. ಖಾತೆ ಬದಲಾಗಿರುತ್ತದೆ, ಸಿಮ್ ಸತ್ತಿರುತ್ತದೆ, ಬ್ಯಾಂಕಿನ ಪತ್ರ ಖಾಲಿ ಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿರುತ್ತದೆ. ಈ ದಾರಿಯನ್ನು ವಿಮಾನ ಹತ್ತುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಮೊದಲು ಖಾತೆ

ನೌಕರಿಗೆಂದು ದೇಶ ಬಿಟ್ಟವರು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ಪ್ರಕಾರ ಅನಿವಾಸಿ ಆಗುತ್ತಾರೆ. ಆದಾಯ ತೆರಿಗೆಯ 182 ದಿನದ ಲೆಕ್ಕ ಬೇರೆ, ಇದು ಬೇರೆ. ಅನಿವಾಸಿ ಆದ ಮೇಲೆ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಜೊತೆಗೆ ಒಂದು ಎನ್‌ಆರ್‌ಇ ಖಾತೆಯನ್ನೂ ತೆರೆಯುವುದು ಒಳ್ಳೆಯದು. ಬಾಡಿಗೆ, ಪಿಂಚಣಿಯಂಥ ಇಲ್ಲಿನ ದುಡ್ಡು ಎನ್‌ಆರ್‌ಒಗೆ, ಅಲ್ಲಿಂದ ಕಳಿಸುವ ದುಡ್ಡು ಎನ್‌ಆರ್‌ಇಗೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಇದೆ. ಕಂತನ್ನು ಎರಡರಲ್ಲಿ ಯಾವುದರಿಂದಲಾದರೂ ಕಟ್ಟಬಹುದು.

ಜನ ಎಡವುವುದು ಇಲ್ಲೇ. ಕಂತು ತಾನಾಗಿ ಕಡಿತವಾಗಲು ನೀವು ಸಹಿ ಹಾಕಿಕೊಟ್ಟ ಮ್ಯಾಂಡೇಟ್ ಹಳೆಯ ಖಾತೆಯ ಮೇಲಿರುತ್ತದೆ. ಖಾತೆ ಬದಲಾದಾಗ ನಂಬರ್ ಬದಲಾದರೆ ಆ ಮ್ಯಾಂಡೇಟ್ ಕೆಲಸಕ್ಕೆ ಬರುವುದಿಲ್ಲ. ಸಾಲ ಒಂದು ಬ್ಯಾಂಕಿನಲ್ಲಿ, ಖಾತೆ ಇನ್ನೊಂದರಲ್ಲಿ ಇದ್ದರಂತೂ ಒಬ್ಬರು ಇನ್ನೊಬ್ಬರಿಗೆ ಹೇಳುವುದೇ ಇಲ್ಲ. ಹಾಗಾಗಿ ಖಾತೆ ಬದಲಿಸಿದ ವಾರದಲ್ಲೇ ಸಾಲ ಕೊಟ್ಟ ಶಾಖೆಗೆ ಹೋಗಿ ಹೊಸ ಮ್ಯಾಂಡೇಟ್ ಕೊಡಿ. ಹೊಸ ಖಾತೆಯಿಂದ ಒಂದು ಕಂತು ಕಡಿತವಾಗಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಹೊರಡಿ. ಟಿಕೆಟ್ ಮೊದಲೇ ಆಗಿದ್ದರೆ ಕನಿಷ್ಠ ಮೂರು ಕಂತಿನ ದುಡ್ಡನ್ನು ಖಾತೆಯಲ್ಲಿ ಬಿಟ್ಟು ಹೋಗಿ. ಹೊಸ ದೇಶದಲ್ಲಿ ಮೊದಲ ಸಂಬಳ ಕೈಗೆ ಬರುವುದು, ಅಲ್ಲಿ ಖಾತೆ ತೆರೆಯುವುದು, ಅಲ್ಲಿಂದ ಹಣ ಕಳಿಸುವುದು, ಎಲ್ಲಕ್ಕೂ ಸಮಯ ಹಿಡಿಯುತ್ತದೆ.

ಅಷ್ಟರಲ್ಲಿ ತೊಂದರೆ ಆದರೆ ಇನ್ನೊಂದು ದಾರಿಯೂ ಇದೆ. ಅಪ್ಪ, ಅಮ್ಮ, ಒಡಹುಟ್ಟಿದವರಂಥ ಹತ್ತಿರದ ಸಂಬಂಧಿಕರು ತಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ನಿಮ್ಮ ಸಾಲದ ಖಾತೆಗೆ ಕಟ್ಟಬಹುದು. ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಇದಕ್ಕೆ ಅವಕಾಶವಿದೆ. ಸಾಲದ ಖಾತೆ ನಂಬರನ್ನು ಮನೆಯಲ್ಲಿ ಒಬ್ಬರಿಗಾದರೂ ಬರೆದುಕೊಟ್ಟು ಹೋಗಿ.

ಫೋನು ಮತ್ತು ವಿಳಾಸ

ಪ್ರಿಪೇಯ್ಡ್ ಸಿಮ್ 90 ದಿನ ಬಳಸದೇ ಇದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ಸಿಮ್ ಹೋದರೆ ಒಟಿಪಿ ಹೋಯಿತು. ಒಟಿಪಿ ಹೋದರೆ ನೆಟ್‌ಬ್ಯಾಂಕಿಂಗ್, ತೆರಿಗೆ ಪೋರ್ಟಲ್, ಆಧಾರ್ ಎಲ್ಲವೂ ಸ್ಥಗಿತ. ಸಿಮ್ ತೆಗೆದು ಅಪ್ಪನ ಫೋನಿಗೆ ಹಾಕಿ ಹೋಗುವವರು ಬಹಳ ಜನ. ಅಲ್ಲಿ ರಾತ್ರಿ ಹನ್ನೊಂದಾದಾಗ ಮಗ ಲಾಗಿನ್ ಆಗುತ್ತಾನೆ. ಇಲ್ಲಿ ಅಪ್ಪ ಕನ್ನಡಕ ಹುಡುಕಿ, ಆರು ಅಂಕಿ ಓದಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಫೋನಿನಲ್ಲಿ ಒಟಿಪಿ ಹೇಳುವ ಅಭ್ಯಾಸವನ್ನು ನಾವೇ ಹಿರಿಯರಿಗೆ ಕಲಿಸಿದರೆ ನಾಳೆ ಮೋಸಗಾರ ಕೇಳಿದಾಗಲೂ ಅವರು ಹೇಳಿಬಿಡುತ್ತಾರೆ. ಅದಕ್ಕೇ ಸಿಮ್ ನಿಮ್ಮ ಜೊತೆಗೇ ಇರಲಿ. ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. ಅನಿವಾಸಿ ಖಾತೆಗೆ ವಿದೇಶದ ನಂಬರನ್ನೇ ಜೋಡಿಸಲು ಎಷ್ಟೋ ಬ್ಯಾಂಕುಗಳು ಬಿಡುತ್ತವೆ, ಕೇಳಿ ನೋಡಿ.

ವಿಳಾಸದ ವಿಷಯ ಇನ್ನೂ ಮುಖ್ಯ. ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕ್ ಅದನ್ನು ವಸೂಲಾಗದ ಸಾಲ ಎಂದು ಗುರುತಿಸುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸ್ ಕೊಡಬಹುದು. ಬಾಕಿ ತೀರಿಸಲು ಅದರಲ್ಲಿ 60 ದಿನ ಇರುತ್ತದೆ. ಆ ನೋಟಿಸ್ ಹೋಗುವುದು ಬ್ಯಾಂಕಿನಲ್ಲಿರುವ ವಿಳಾಸಕ್ಕೆ. ಅದು ಬೀಗ ಹಾಕಿದ ಮನೆಯದೇ ಆಗಿದ್ದರೆ 60 ದಿನವೂ ಸುಮ್ನೆ ಕಳೆದು ಹೋಗುತ್ತದೆ. ನಿಮ್ಮ ವಿದೇಶದ ವಿಳಾಸ, ಇಮೇಲ್, ಜೊತೆಗೆ ಊರಿನಲ್ಲಿ ಪತ್ರ ತೆಗೆದುಕೊಳ್ಳುವವರ ವಿಳಾಸ, ಮೂರನ್ನೂ ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಯಾರ ಕೈಗೆ ಅಧಿಕಾರ?

ಎಟಿಎಂ ಕಾರ್ಡು ಮತ್ತು ಸಹಿ ಹಾಕಿದ ಖಾಲಿ ಚೆಕ್ಕನ್ನು ಅಣ್ಣನ ಕೈಗಿಟ್ಟು ಹೋಗುವುದು ನಮ್ಮ ಕಡೆ ರೂಢಿ. ನಂಬಿಕೆ ಇದೆ, ಸರಿ. ಆದರೆ ಏನಾದರೂ ಹೆಚ್ಚುಕಮ್ಮಿ ಆದರೆ ಸಿಕ್ಕಿಕೊಳ್ಳುವುದು ಆ ಅಣ್ಣನೇ. ಅವನಿಗೆ ರಕ್ಷಣೆ ಬೇಕು ಎಂದಾದರೂ ಕಾಗದ ಸರಿಯಾಗಿ ಮಾಡಿಕೊಡಿ.

ಹೊರಡುವ ಮೊದಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕಾರ ಪತ್ರ ನೋಂದಾಯಿಸುವುದು ಎಲ್ಲಕ್ಕಿಂತ ಸುಲಭ. ವಿದೇಶಕ್ಕೆ ಹೋದ ಮೇಲೆ ಮಾಡುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಆ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಈ ಮೂರು ತಿಂಗಳ ಗಡುವು ಮರೆತು ಪತ್ರವನ್ನು ಬೀರುವಿನಲ್ಲಿ ಇಟ್ಟರೆ ಬೇಕಾದಾಗ ಅದು ಕೈಕೊಡುತ್ತದೆ. ಪತ್ರದಲ್ಲಿ ಕೆಲಸಗಳನ್ನು ಬಿಡಿಸಿ ಬರೆಯಿಸಿ: ಬಾಡಿಗೆ ಕರಾರು, ಕಂದಾಯ, ಬೆಸ್ಕಾಂ, ಬ್ಯಾಂಕಿನ ಪತ್ರ ವ್ಯವಹಾರ, ಸಾಲ ತೀರಿದ ಮೇಲೆ ಮೂಲಪತ್ರ ಪಡೆಯುವುದು. ಮಾರುವ ಅಧಿಕಾರ ಈಗ ಬೇಡವಾದರೆ ಅದನ್ನು ಸೇರಿಸಬೇಡಿ. ಒಳ್ಳೆಯ ಸಂಬಂಧ ಉಳಿಯಬೇಕಾದರೆ ಅಧಿಕಾರ ಕೆಲಸಕ್ಕೆ ತಕ್ಕಷ್ಟೇ ಇರಬೇಕು.

ಬಾಡಿಗೆ ಸರಿ, ಭೋಗ್ಯ ಬೇಡ

ಖಾಲಿ ಬಿಟ್ಟ ಮನೆಗೆ ಗೆದ್ದಲು ಹತ್ತುತ್ತದೆ, ಸಂಪು ಒಣಗಿ ಬಿರುಕು ಬಿಡುತ್ತದೆ. ಬಾಡಿಗೆಗೆ ಕೊಡುವುದೇ ಮೇಲು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿರುವ ಊರಿದು, ಬಾಡಿಗೆದಾರರಿಗೆ ಬರವಿಲ್ಲ. ಆದರೆ ಸಾಲದ ಕರಾರಿನಲ್ಲಿ ಬಾಡಿಗೆಗೆ ಬ್ಯಾಂಕಿನ ಒಪ್ಪಿಗೆ ಬೇಕು ಎಂದಿದೆಯೇ, ಮೊದಲು ಓದಿ. ಇದ್ದರೆ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಭೋಗ್ಯದ ಆಸೆ ದೊಡ್ಡದು. ಆರೋ ಎಂಟೋ ಲಕ್ಷ ಒಟ್ಟಿಗೆ ಸಿಗುತ್ತದೆ, ಅದನ್ನು ಸಾಲಕ್ಕೆ ಕಟ್ಟಿದರೆ ಬಡ್ಡಿ ಉಳಿಯುತ್ತದೆ ಅಂತ ಲೆಕ್ಕ. ದಯವಿಟ್ಟು ಬೇಡ. ಮೂರು ವರ್ಷಕ್ಕೆ ಆ ಹಣ ವಾಪಸ್ ಕೊಡಬೇಕು, ಆಗ ಅದು ಸಾಲದೊಳಗೆ ಕರಗಿರುತ್ತದೆ. ಮೇಲಾಗಿ ಮನೆ ಆಗಲೇ ಬ್ಯಾಂಕಿಗೆ ಅಡಮಾನ ಆಗಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಂ ಅಡವಿಟ್ಟವರಿಗೆ ಬಾಡಿಗೆಗೆ ಕೊಡುವ ಹಕ್ಕನ್ನು ಕೊಡುತ್ತದೆ ನಿಜ. ಆದರೆ ಕಟ್ಟಡವಾದರೆ ಮೂರು ವರ್ಷ ಮೀರಬಾರದು, ಮುಂಗಡ ಬಾಡಿಗೆ ಪಡೆಯಬಾರದು ಎಂಬ ಷರತ್ತು ಹಾಕುತ್ತದೆ. ಬ್ಯಾಂಕಿನ ಕರಾರು ಇದಕ್ಕಿಂತ ಬಿಗಿಯಾಗಿರಬಹುದು. ನಾಳೆ ಬ್ಯಾಂಕ್ ಮನೆ ವಶಕ್ಕೆ ಪಡೆದರೆ ಭೋಗ್ಯದಾರ ಬಡಪಾಯಿ ಬೀದಿಗೆ ಬರುತ್ತಾನೆ. ಅವನ ಜೀವಮಾನದ ಉಳಿತಾಯದ ಜೊತೆ ಆಟ ಆಡುವ ಹಕ್ಕು ನಮಗಿಲ್ಲ. ತಿಂಗಳ ಬಾಡಿಗೆ, 11 ತಿಂಗಳ ಕರಾರು, ಕೆಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ (ಠೇವಣಿ). ಇಷ್ಟು ಸಾಕು. ಆ ಅಡ್ವಾನ್ಸನ್ನೂ ಬೇರೆ ಎತ್ತಿಡಿ.

ಈಗ ತೆರಿಗೆ. ಅನಿವಾಸಿಗೆ ಬಾಡಿಗೆ ಕೊಡುವವರು ತೆರಿಗೆ ಹಿಡಿದುಕೊಂಡೇ ಕೊಡಬೇಕು. ದರ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ತಿಂಗಳಿಗೆ 50,000 ರೂಪಾಯಿ ಮೀರಿದರೆ ಮಾತ್ರ ಎಂಬ ಮಿತಿ ಊರಿನಲ್ಲೇ ಇರುವ ಮಾಲೀಕರಿಗೆ ಅನ್ವಯಿಸುತ್ತದೆ, ನಿಮಗಲ್ಲ. 12,000 ಬಾಡಿಗೆ ಎಂದಿಟ್ಟುಕೊಳ್ಳಿ. 3,744 ರೂಪಾಯಿ ತೆರಿಗೆಗೆ, 8,256 ನಿಮ್ಮ ಎನ್‌ಆರ್‌ಒ ಖಾತೆಗೆ. ಇದಕ್ಕಾಗಿ ಬಾಡಿಗೆದಾರ ಟ್ಯಾನ್ (ತೆರಿಗೆ ಹಿಡಿಯುವವರ ಗುರುತಿನ) ನಂಬರ್ ಪಡೆದು ರಿಟರ್ನ್ ಹಾಕಬೇಕು. ಎಷ್ಟೋ ಬಾಡಿಗೆದಾರರಿಗೆ ಇದು ಗೊತ್ತೇ ಇರುವುದಿಲ್ಲ, ತಪ್ಪಿದರೆ ದಂಡ ಅವರಿಗೆ. ಕರಾರು ಮಾಡುವಾಗಲೇ ನಾನು ಅನಿವಾಸಿ ಎಂದು ತಿಳಿಸಿ, ಲೆಕ್ಕಪರಿಶೋಧಕರ ಖರ್ಚು ನೀವೇ ಕೊಡಿ.

ಹಿಡಿದ ತೆರಿಗೆ ಹೋಗಿಯೇ ಬಿಟ್ಟಿತು ಅಂದುಕೊಳ್ಳಬೇಡಿ. ಕಟ್ಟಿದ ಕಂದಾಯ ಕಳೆದು, ಉಳಿದ ಬಾಡಿಗೆಯಲ್ಲಿ 30% ದುರಸ್ತಿ ಲೆಕ್ಕಕ್ಕೆ ಬಿಟ್ಟು, ಸಾಲದ ಬಡ್ಡಿಯನ್ನೂ ಕಳೆದರೆ ತೆರಿಗೆಗೆ ಸಿಗುವ ಆದಾಯ ಎಷ್ಟೋ ಸಲ ಸೊನ್ನೆ. ಇಲ್ಲಿ ಬೇರೆ ಆದಾಯ ಇಲ್ಲದವರು ರಿಟರ್ನ್ ಹಾಕಿದರೆ ಹಣ ವಾಪಸ್ ಬರುತ್ತದೆ. ಮೊದಲೇ ಕಡಿಮೆ ಹಿಡಿಯಿರಿ ಎಂಬ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಪಡೆದರೆ ಇನ್ನೂ ಒಳ್ಳೆಯದು. ನೀವಿರುವ ದೇಶದಲ್ಲೂ ಈ ಬಾಡಿಗೆಯನ್ನು ತೋರಿಸಬೇಕೇ ಎಂದು ಅಲ್ಲೂ ವಿಚಾರಿಸಿ.

ಬಡ್ಡಿ ದರದ ಮೇಲೆ ಕಣ್ಣಿರಲಿ

ದೂರ ಹೋದವರು ಮರೆತೇ ಬಿಡುವ ವಿಷಯ ಇದು. 2025ರ ಫೆಬ್ರುವರಿಯಿಂದ ಜೂನ್ ನಡುವೆ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ ದರ) 6.5%ನಿಂದ 5.5%ಗೆ ಇಳಿಯಿತು. ನಿಮ್ಮ ದರ ಇಳಿಯಿತೇ? 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಅದಕ್ಕೂ ಹಳೆಯ ಸಾಲವಾದರೆ ನೀವೇ ಕೇಳಿ ಬದಲಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಬರುವ ವಿವರಪಟ್ಟಿಯಲ್ಲಿ ಅಸಲು, ಬಡ್ಡಿ, ಉಳಿದ ಕಂತು, ದರ ಎಲ್ಲವೂ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಬರದಿದ್ದರೆ ಕೇಳಿ.

ಕೈಯಲ್ಲಿ ಹಣ ಜಾಸ್ತಿ ಇದ್ದರೆ ಮುಂಚಿತವಾಗಿ ಕಟ್ಟಿ. ಮನೆ ಸಾಲ ನಿಮ್ಮ ಹೆಸರಿನಲ್ಲಿದ್ದು, ಬದಲಾಗುವ ದರದ್ದಾದರೆ ಅದಕ್ಕೆ ದಂಡ ಹಾಕುವಂತಿಲ್ಲ. 30 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ. ಕಂತು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ 4,785 ಮಾತ್ರ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚು ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ತೀರುತ್ತದೆ. ಕಟ್ಟುವಾಗ ಅವಧಿ ಕಡಿಮೆ ಮಾಡಿ ಎಂದು ಬರೆದುಕೊಡಿ, ಕಂತು ಕಡಿಮೆ ಮಾಡಿ ಎಂದಲ್ಲ.

ಊರಿನ ಕೆಲಸಗಳು

ಮಹಾನಗರ ಪಾಲಿಕೆಯ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, 5% ರಿಯಾಯಿತಿ ಸಿಗುತ್ತದೆ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ಆಗಿಲ್ಲದಿದ್ದರೆ ರಜೆಗೆ ಬಂದಾಗ ಮುಗಿಸಿ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ಮನೆ ಮಾರಾಟ ನೋಂದಣಿ ಆಗುವುದಿಲ್ಲ. ಮನೆ ಬಹಳ ದಿನ ಖಾಲಿ ಇದ್ದರೆ ವಿಮಾ ಕಂಪನಿಗೆ ತಿಳಿಸಿ.

ಸಾಲ ತೀರಿದ ದಿನ

ಕೊನೆಯ ಕಂತು ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಪೂರ್ತಿ ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಎಲ್ಲ ಮೂಲಪತ್ರ ವಾಪಸ್ ಕೊಡಬೇಕು. ತಪ್ಪು ಬ್ಯಾಂಕಿನದಾದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಪತ್ರ ಪಡೆಯುವವರು ಸಾಲ ಪಡೆದಾಗ ಕೊಟ್ಟ ದಾಖಲೆಗಳ ಪಟ್ಟಿ ಹಿಡಿದು ಹೋಗಲಿ. ಕ್ರಯಪತ್ರ, ಹಿಂದಿನ ಕ್ರಯಪತ್ರಗಳು, ಮನೆಯ ಖಾತಾ ಪತ್ರ, ಮಂಜೂರಾದ ನಕ್ಷೆ. ಕೌಂಟರ್ ಬಿಡುವ ಮೊದಲೇ ಪುಟ ಎಣಿಸಿ, ಆಮೇಲೆ ಸಹಿ ಹಾಕಲಿ.

ಅಡಮಾನವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಋಣಮುಕ್ತಿಯನ್ನೂ ಅಲ್ಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆದಾಗಲೆಲ್ಲ ತೀರಿದ ಸಾಲ ಇನ್ನೂ ಬಾಕಿ ಇದ್ದಂತೆ ಕಾಣುತ್ತದೆ. ಸಾಲ ತೀರಿದ ಪತ್ರ ಬಂದ ಮೇಲೆ ತಿಂಗಳು ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇ.ಸಿ.ಗೆ ಅರ್ಜಿ ಹಾಕಿ, ಋಣಮುಕ್ತಿ ನಮೂದಾಗಿದೆಯೇ ನೋಡಿ. ಇದನ್ನು ನೀವು ಇರುವಲ್ಲಿಂದಲೇ ಮಾಡಬಹುದು.