ಶೆಟ್ಟಿಹಳ್ಳಿ ಚರ್ಚನ್ನು ನಾನು ಬೇಸಿಗೆಯಲ್ಲಿ ನೋಡುವುದು ಯಾಕೆ

ಶೆಟ್ಟಿಹಳ್ಳಿ ಚರ್ಚ್ ಅಂದರೆ ಎಲ್ಲರೂ ಮಳೆಗಾಲಕ್ಕೆ ಕಾಯುತ್ತಾರೆ. ಹೇಮಾವತಿಯ ಹಿನ್ನೀರು ಏರಿ ಗೋಡೆಗಳು ಅರ್ಧ ಮುಳುಗಿದಾಗ ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಹಳೇ ಕಟ್ಟಡಗಳ ಚಿತ್ರ ಬರೆಯುವ ನಾನು ಮಾತ್ರ ಮಾರ್ಚ್, ಏಪ್ರಿಲ್‌ನಲ್ಲಿ ಹೋಗುತ್ತೇನೆ. ಕಟ್ಟಡದ ಬುಡ ಕಾಣದೆ ಚಿತ್ರ ಬರೆಯುವುದು ಹೇಗೆ ಅಲ್ವಾ?

ಹಾಸನದಿಂದ ಸುಮಾರು 20 ಕಿಲೋಮೀಟರ್. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರುವಂತೆ ಹೊರಡುತ್ತೇನೆ. ಮೊದಲು ಪುಸ್ತಕ ತೆಗೆಯುವುದಿಲ್ಲ. ಸುಮ್ನೆ ಹೊರಗಿನಿಂದ ಒಂದು ಸುತ್ತು, ಆಮೇಲೆ ಒಳಗೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚ್ ಇದು. ಈಗ ಚಾವಣಿ ಇಲ್ಲ. ಹಾಗಾಗಿ ಬಿಸಿಲು ನೇರ ಒಳಗೇ ಬೀಳುತ್ತದೆ, ಚೂಪು ಕಮಾನುಗಳ ನೆರಳು ಎದುರು ಗೋಡೆ ಮೇಲೆ ಇಳಿಯುತ್ತದೆ. ನನ್ನ ಮೊದಲ ಗೆರೆ ಯಾವಾಗಲೂ ಆ ನೆರಳಿನದ್ದೇ.

ಎತ್ತರ ಅಳೆಯಲು ಏಣಿ ಬೇಕಿಲ್ಲ. ಗಾರೆ ಉದುರಿದ ಕಡೆ ಇಟ್ಟಿಗೆಯ ಸಾಲುಗಳು ಕಾಣುತ್ತವೆ. ಕೆಳಗಿನ ಹತ್ತು ಸಾಲಿಗೆ ಟೇಪ್ ಹಿಡಿದು, ಒಂದು ಸಾಲಿಗೆ ಎಷ್ಟು ಅಂತ ಸರಾಸರಿ ತೆಗೆಯುತ್ತೇನೆ. ಒಂದೇ ಸಾಲು ಅಳೆದರೆ ಲೆಕ್ಕ ತಪ್ಪುತ್ತದೆ, ಸುಣ್ಣದ ಗಾರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೇಲಿನ ಸಾಲುಗಳನ್ನು ಎಣಿಸಿದರೆ ಕಮಾನಿನ ಎತ್ತರ ಸಿಕ್ಕಿತು. ಗೋಡೆ ಒಡೆದಿರುವ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕಮಾನನ್ನು ಹೇಗೆ ತಿರುಗಿಸಿದ್ದಾರೆ, ಗೋಡೆ ಒಳಗೆ ಏನು ತುಂಬಿದ್ದಾರೆ, ಎಲ್ಲ ಅಲ್ಲೇ ತಿಳಿಯುತ್ತದೆ.

ನೀರಿನ ಕಲೆಗಳನ್ನೂ ಬಿಡದೆ ಬರೆದುಕೊಳ್ಳುತ್ತೇನೆ. 1979ರಲ್ಲಿ ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು ಮುಗಿದ ಮೇಲೆ ಈ ಗೋಡೆಗಳು ಮಳೆಗಾಲದಲ್ಲಿ ನೆನೆಯುತ್ತವೆ, ಬೇಸಿಗೆಯಲ್ಲಿ ಒಣಗುತ್ತವೆ. ಹೀಗೆ ನೆನೆದು ಒಣಗಿ ಸುಣ್ಣ ಸಡಿಲವಾಗುತ್ತದೆ. ಕೆಲವು ಭಾಗ ಈಗಾಗಲೇ ಕುಸಿದಿದೆ. ಉಳಿದಿರುವುದು ಕಾಗದದ ಮೇಲಾದರೂ ಸರಿಯಾದ ಅಳತೆಯಲ್ಲಿ ಇರಲಿ ಅನ್ನುವುದು ನನ್ನ ಆಸೆ. ದಯವಿಟ್ಟು ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ.

ಈ ಚರ್ಚಿನ ಕಾಲದ ಕಟ್ಟಡಗಳೆಲ್ಲ ಬ್ರಿಟಿಷರು ಕಟ್ಟಿದ್ದು ಅಂದುಕೊಳ್ಳುವವರು ತುಂಬಾ ಜನ. ನಮ್ಮ ಮೈಸೂರು ಸಂಸ್ಥಾನದಲ್ಲಿ ಅವರ ನೇರ ಆಡಳಿತ ಇದ್ದದ್ದು 1831ರಿಂದ 1881ರವರೆಗೆ. ಅದರ ಹಿಂದೆ ಮುಂದೆ ಒಡೆಯರ ಕಾಲ. ಹೀಗಾಗಿ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗಳಲ್ಲೂ ಪಾದ್ರಿಗಳು, ಕಾಫಿ ತೋಟದ ದೊರೆಗಳು, ಮೈಸೂರು ಸರ್ಕಾರ ಎಲ್ಲರ ಕೈಯೂ ಕಾಣುತ್ತದೆ. ಸಕಲೇಶಪುರದ ಮಂಜರಾಬಾದ್ ಕೋಟೆ 1792ರದ್ದು, ಟಿಪ್ಪುವಿನದ್ದು, ಅದನ್ನು ಈ ಗುಂಪಿಗೆ ಸೇರಿಸಬೇಡಿ. ಬಾಳೆಹೊನ್ನೂರಿನ ಹತ್ತಿರದ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ್ದು. ಅಲ್ಲಿ ಈಗಲೂ ಕೆಲಸ ನಡೆಯುತ್ತದೆ, ಮೊದಲೇ ಅನುಮತಿ ಕೇಳಿ ಹೋಗಿ.

ಚಿಕ್ಕಮಗಳೂರು ಕಡೆ ನನಗೆ ಇಷ್ಟ ಕೆಮ್ಮಣ್ಣುಗುಂಡಿಯ ರಾಜಭವನ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ತಂಗುತ್ತಿದ್ದ ಗಿರಿಧಾಮ ಇದು. 1942ರಲ್ಲಿ ತೋಟಗಾರಿಕೆ ಇಲಾಖೆಯ ಕೈಗೆ ಬಂತು. ಇಲ್ಲಿ ಟೇಪ್‌ಗಿಂತ ಗಡಿಯಾರ ಮುಖ್ಯ. ಮಂಜು ಇಳಿದರೆ ಎದುರಿಗಿರುವ ಕಟ್ಟಡವೂ ಕಾಣುವುದಿಲ್ಲ. ಅದಕ್ಕೆ ಹಿಂದಿನ ರಾತ್ರಿ ಅಲ್ಲೇ ಉಳಿದು, ಹೊರಗಿನ ಚಿತ್ರವನ್ನು ಬೆಳಗ್ಗೆಯೇ ಮುಗಿಸುತ್ತೇನೆ. ಕಿಟಕಿ, ಬಾಗಿಲುಗಳ ವಿವರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ.