ನೀಡಲ್ ಗನ್ನೂ ಹಿಡಿಸೂಡಿಯೂ

ಸರಕು ಹಡಗಿನಲ್ಲಿ ನಾನು ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ. ಭಾರತೀಯ ಸಿಬ್ಬಂದಿ ಬಾಯಲ್ಲಿ ಈಗಲೂ 'ಸಾರಂಗ್'. ನನ್ನ ಕೈಕೆಳಗಿನವನು 'ಟಿಂಡಲ್', ಪೇಂಟ್ ಸ್ಟೋರ್ ನೋಡಿಕೊಳ್ಳುವವನು 'ಕಸಬ್'. ನಮ್ಮ ಕುಂದಾಪುರದ ಕಡೆ ಮೀನು ಬೋಟು ನಡೆಸುವವನನ್ನು ತಾಂಡೇಲ ಅಂತೀವಿ. ಟಿಂಡಲ್ ಅವನ ನೆಂಟನೇ ಇರಬೇಕು.

ಹಡಗಿನ ಕೆಲಸ ಅಂದರೆ ದೇಶ ಸುತ್ತೋದು ಅಂತ ಊರಿನವರ ಲೆಕ್ಕ. ನಿಜ ಹೇಳಬೇಕೆಂದರೆ ನಾನು ಅರ್ಧ ಆಯುಷ್ಯ ನೀಡಲ್ ಗನ್ ಹಿಡಿದು ತುಕ್ಕು ಕೆರೆದಿದ್ದೇನೆ. ಉಕ್ಕಿನ ಸೂಜಿಗಳಿಂದ ಬಡಿದು ತುಕ್ಕು ಉದುರಿಸುವ ಯಂತ್ರ ಅದು. ಉಪ್ಪು ನೀರು ಒಂದು ಕಡೆಯಿಂದ ತಿನ್ನುತ್ತಾ ಬರುತ್ತದೆ, ನಾವು ಇನ್ನೊಂದು ಕಡೆಯಿಂದ ಕೆರೆದು ಬಣ್ಣ ಹಚ್ಚುತ್ತಾ ಹೋಗುತ್ತೇವೆ.

ನಾನು ಹೊಸಬನಾಗಿದ್ದಾಗ ಸಂಜೆಯ ಕೆಲಸ ಸುಲಭವಾಗಿತ್ತು. ದಿನವಿಡೀ ಕೆರೆದ ಚಕ್ಕೆಗೆ ಫೈರ್ ಹೋಸ್ ಹಿಡಿದರೆ ಐದು ನಿಮಿಷದಲ್ಲಿ ಡೆಕ್ ಕ್ಲೀನ್. ಸ್ಕಪ್ಪರ್ ತೂತಿನಿಂದ ಎಲ್ಲವೂ ಸಮುದ್ರಕ್ಕೆ. ತುಕ್ಕು ತಾನೇ, ಕಬ್ಬಿಣ ತಾನೇ ಅಂದುಕೊಂಡಿದ್ದೆವು. ಆದರೆ ತುಕ್ಕಿನ ಜೊತೆ ಹೋಗುತ್ತಿದ್ದುದು ಹಳೇ ಬಣ್ಣದ ಪದರು. ಎಪಾಕ್ಸಿ ಬಣ್ಣ ಒಣಗಿದರೆ ಅದೂ ಪ್ಲಾಸ್ಟಿಕ್ಕೇ ಅಲ್ವಾ. ಹಡಗುಗಳು ಸಮುದ್ರ ಕೆಡಿಸದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್. ಕಸದ ಬಗೆಗಿನ ಅದರ ಐದನೇ ಅನುಬಂಧ 2013ರ ಜನವರಿ 1ರಿಂದ ಬದಲಾಯಿತು. ಮೊದಲು ಯಾವುದನ್ನು ಎಸೆಯಬಾರದು ಅಂತ ನಿಯಮ ಪಟ್ಟಿ ಕೊಡುತ್ತಿತ್ತು. ಈಗ ಎಸೆಯಬಹುದು ಅಂತ ಹೆಸರಿಸಿದ ನಾಲ್ಕಾರು ವಸ್ತು ಬಿಟ್ಟು ಕಸ ಯಾವುದನ್ನೂ ಎಸೆಯುವಂತಿಲ್ಲ.

ನನ್ನ ಬುದ್ಧಿ ಮಾತ್ರ ನಿಯಮದಿಂದ ತಿದ್ದಿದ್ದಲ್ಲ, ಕಣ್ಣಿನಿಂದ. ಒಮ್ಮೆ ಹಿಂದೂ ಮಹಾಸಾಗರದ ನಡುವೆ ಗಾಗಲ್ಸ್ ಬೆವರಿಗೆ ಮಬ್ಬಾಯಿತು ಅಂತ ಒಂದು ನಿಮಿಷ ಮೇಲೆತ್ತಿದೆ. ಅಷ್ಟರಲ್ಲೇ ಚಕ್ಕೆಯೊಂದು ಕಣ್ಣಿಗೆ ಹಾರಿತು. ಬಂದರು ಇನ್ನೂ ನಾಲ್ಕು ದಿನ ದೂರ. ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ. ಸೆಕೆಂಡ್ ಆಫೀಸರ್ ಕಣ್ಣು ತೊಳೆದರು, ಕ್ಯಾಪ್ಟನ್ ದಡದ ವೈದ್ಯರನ್ನು ಕೇಳಿ ಔಷಧಿ ಕೊಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕ್ಯಾಬಿನ್ನಿನಲ್ಲಿ ಬಿದ್ದಿದ್ದೆ. ಕಣ್ಣು ಉಳಿಯಿತು. ಆ ನಾಲ್ಕು ದಿನ ನಾನು ಯೋಚಿಸಿದ್ದು ಒಂದೇ, ಈ ಚಕ್ಕೆ ಯಾವ ಕಡೆ ಹಾರುತ್ತದೆ ಅಂತ.

ಈಗ ಕೆಲಸ ಶುರು ಮಾಡುವ ಮೊದಲು ಬ್ರಿಜ್ಜಿಗೆ, ಅಂದರೆ ಹಡಗು ನಡೆಸುವ ಕೋಣೆಗೆ, ವಾಕಿಟಾಕಿಯಲ್ಲಿ ಗಾಳಿ ಯಾವ ಕಡೆಯಿಂದ ಅಂತ ಕೇಳುತ್ತೇನೆ. ಹ್ಯಾಚಿನ, ಅಂದರೆ ಡೆಕ್ ಮೇಲೆ ಸರಕು ಇಳಿಸುವ ದೊಡ್ಡ ಬಾಯಿಯ, ಗೋಡೆ ಕೆರೆಯುವುದಿದ್ದರೆ ಗಾಳಿ ಬರುವ ಪಕ್ಕದಲ್ಲೇ ಕೆಲಸ. ರೇಲಿಂಗಿಗೆ ಬೆನ್ನು, ಹ್ಯಾಚಿಗೆ ಮುಖ. ಗಾಳಿ ಬೆನ್ನಿಗೆ ಬಡಿಯುತ್ತದೆ, ಚಕ್ಕೆ ನಮ್ಮಿಂದ ಆಚೆ ಹಾರಿ ಹ್ಯಾಚಿನ ಬುಡದಲ್ಲೇ ಬೀಳುತ್ತದೆ. ಕಣ್ಣೂ ಉಳಿಯಿತು, ಸಮುದ್ರವೂ. ಇನ್ನೊಂದು ಪಕ್ಕದಲ್ಲಿ ನಿಂತರೆ ಅದೇ ಚಕ್ಕೆ ರೇಲಿಂಗ್ ದಾಟಿ ಹೋಗುತ್ತದೆ, ಎಷ್ಟು ಟಾರ್ಪಾಲ್ ಕಟ್ಟಿದರೂ ಅಷ್ಟೇ.

ಸ್ಕಪ್ಪರ್‌ಗಳಿಗೆ ಮೊದಲೇ ಪ್ಲಗ್. ಅರ್ಧ ಗಂಟೆಗೊಮ್ಮೆ ಗನ್ನು ಹಿಡಿದವನು ಹಿಡಿಸೂಡಿ ಹಿಡಿಯಬೇಕು, ಹಿಡಿಸೂಡಿಯವನು ಗನ್ನು. ಹುಡುಗರು ಮೊದಮೊದಲು ಗೊಣಗುತ್ತಿದ್ದರು. ನೀಡಲ್ ಗನ್ ಜಾಸ್ತಿ ಹೊತ್ತು ಹಿಡಿದರೆ ಬೆರಳು ಜುಮುಗುಟ್ಟಿ, ರಾತ್ರಿ ಚಮಚ ಹಿಡಿಯಲೂ ಕಷ್ಟ. ಈ ಅದಲುಬದಲಿನಿಂದ ಅದೂ ಕಡಿಮೆಯಾಯಿತು. ಈಗ ಗೊಣಗುವುದಿಲ್ಲ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಬೆಳಗಿನ ಇಬ್ಬನಿ ಆರುವ ತನಕ ಡಬ್ಬಿ ತೆಗೆಯಲು ಬಿಡುವುದಿಲ್ಲ. ಉಕ್ಕಿನ ಮೈ, ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಇಲ್ಲದಿದ್ದರೆ ತಿಂಗಳೊಳಗೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ, ಮತ್ತೆ ಕೆರೆಯಬೇಕು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ರಸ ಇರುವ ಎರಡು ಡಬ್ಬಿಯ ಬಣ್ಣವನ್ನು ಬೇಕಾದಷ್ಟೇ ಕಲಸಬೇಕು. ಒಟ್ಟಿಗೆ ಕಲಸಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಡಬ್ಬಿಯೊಳಗೆ ಬಿಸಿಯಾಗಿ ಕಲ್ಲಾಗಿರುತ್ತದೆ. ರೋಲರ್ ತೊಳೆದ ಥಿನ್ನರನ್ನು ಮುಚ್ಚಿಟ್ಟರೆ ಮರುದಿನ ಬಣ್ಣ ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಅದನ್ನೇ ಬಗ್ಗಿಸಿ ಮತ್ತೆ ತೊಳೆಯಲು ಬಳಸುತ್ತೇನೆ. ಎಣ್ಣೆ ಬಣ್ಣ ಒರೆಸಿದ ಚಿಂದಿ ಬಟ್ಟೆ ಮಾತ್ರ ಗುಡ್ಡೆ ಹಾಕಿ ಇಡಬಾರದು. ಕಡ್ಡಿ ಗೀರದೆಯೇ ಬೆಂಕಿ ಹತ್ತೀತು. ಮುಚ್ಚಳವಿರುವ ಲೋಹದ ಡಬ್ಬಿಯೇ ಅದಕ್ಕೆ ಜಾಗ.

ಫೋರ್‌ಮಾಸ್ಟ್, ಅಂದರೆ ಹಡಗಿನ ಮುಂಭಾಗದ ಕಂಬಕ್ಕೆ ಯಾರನ್ನಾದರೂ ಹತ್ತಿಸುವುದಿದ್ದರೆ ಪರ್ಮಿಟ್, ಹಾರ್ನೆಸ್ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮೇಲಿನ ಭೋಂಗಾದ ಸ್ವಿಚ್ ಆಫ್ ಆಗಿದೆಯಾ ಅಂತ ನಾನೇ ಬ್ರಿಜ್ಜಿಗೆ ಹೋಗಿ ನೋಡುತ್ತೇನೆ. ಪಕ್ಕದಲ್ಲಿ ಅದು ಕೂಗಿದರೆ ಬೆಚ್ಚಿದವನ ಕೈ ಏಣಿಯ ಮೇಲೆ ನಿಲ್ಲುವುದಿಲ್ಲ.

ಕಳೆದ ಸಲ ಮಲಾಕ್ಕಾ ಜಲಸಂಧಿಯಲ್ಲಿ ಚೆನ್ನಾಗಿ ಬಿಸಿಲಿತ್ತು. ಅಲ್ಲಿನ ಮಳೆ ನಮ್ಮ ಜೂನ್ ಮಳೆಯ ಹಾಗೆ ಹೇಳಿ ಕಳುಹಿಸಿ ಬರುವುದಲ್ಲ. ಹತ್ತು ನಿಮಿಷದಲ್ಲಿ ಆಕಾಶ ಕಪ್ಪಾಯಿತು. ಡೆಕ್ ಮೇಲೆ ಬರೀ ಅರ್ಧ ಗಂಟೆಯ ಚಕ್ಕೆ ಇತ್ತು. ಐದು ಜನ ಬಗ್ಗಿ ಗುಡಿಸಿದೆವು. ಕೊನೆಯ ಗೋಣಿ ಕಟ್ಟುವಾಗ ಮೊದಲ ಹನಿ ಬಿತ್ತು. ಆಮೇಲೆ ಪ್ಲಗ್ ತೆಗೆದು, ನಿಂತ ನೀರು ಹೋಗಲು ಬಿಟ್ಟು ಟೀ ಕುಡಿಯಲು ಹೋದೆವು.

ಮುಂದಿನ ಬಂದರಿನಲ್ಲಿ ಹನ್ನೊಂದು ಗೋಣಿ ಇಳಿಸಿದೆವು. ಚೀಫ್ ಆಫೀಸರ್ ಕಸದ ದಾಖಲೆ ಪುಸ್ತಕದಲ್ಲಿ 'ಎಫ್' ವಿಭಾಗಕ್ಕೆ, ಅಂದರೆ ಹಡಗಿನ ಕೆಲಸದಿಂದ ಬರುವ ಕಸದ ಲೆಕ್ಕಕ್ಕೆ, ಬರೆದು, ದಡದ ರಸೀದಿ ಫೈಲಿಗೆ ಹಾಕಿದರು. ಹೊಸ ಹುಡುಗ ಒಂದು ಗೋಣಿ ಎತ್ತಲು ಹೋಗಿ ಎತ್ತಲಾರದೆ ನನ್ನ ಮುಖ ನೋಡಿದ. ಹಿಂದೆ ನಾನು ಹೋಸ್ ಹಿಡಿದು ಕಳುಹಿಸಿದ ಗೋಣಿಗಳನ್ನು ಲೆಕ್ಕ ಹಾಕಲು ಹೊರಟೆ, ಐವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ.