ನೆಗೆಟಿವ್ ವರದಿಯನ್ನು ನಂಬಿ ಕಳೆದ ಮೂರು ದಿನ

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಕಿಮೋಥೆರಪಿ ಪಡೆದವರಲ್ಲಿ ನ್ಯೂಟ್ರೋಫಿಲ್ ಎಂಬ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದು ಹತ್ತು ದಿನ ದಾಟಿತೆಂದರೆ ನನ್ನ ಮನಸ್ಸು ಶ್ವಾಸಕೋಶದ ಶಿಲೀಂಧ್ರದ ಕಡೆಗೇ ಹೋಗುತ್ತದೆ. ಕೆಮ್ಮು, ಕಫ ಇರಲೇಬೇಕೆಂದಿಲ್ಲ. ಸೋಂಕಿನ ಮೇಲೆ ಮುಗಿಬೀಳುವ ಕಣಗಳೇ ಇಲ್ಲದ ದೇಹದಲ್ಲಿ ಅದು ಸದ್ದಿಲ್ಲದೆ ಬೆಳೆಯುತ್ತದೆ. ಆಂಟಿಬಯಾಟಿಕ್ ಕೊಟ್ಟು ನಾಲ್ಕು ದಿನವಾದರೂ ಇಳಿಯದ ಜ್ವರವೇ ಎಷ್ಟೋ ಸಲ ಇರುವ ಒಂದೇ ಸುಳಿವು.

ಆ ರೋಗಿಗೆ ಅಂದು ಕಿಮೋಥೆರಪಿಯ ಹತ್ತೊಂಬತ್ತನೆಯ ದಿನ. ಜ್ವರ, ಉಸಿರೆಳೆದಾಗ ಎಡಗಡೆ ಸಣ್ಣ ನೋವು. ಎಕ್ಸ್-ರೇ ಶುಭ್ರವಾಗಿತ್ತು. ರಕ್ತದಲ್ಲಿ ಶಿಲೀಂಧ್ರದ ಸುಳಿವು ಹುಡುಕುವ ಗ್ಯಾಲಕ್ಟೋಮನ್ನನ್ ಪರೀಕ್ಷೆ ಎರಡು ಬಾರಿಯೂ ನೆಗೆಟಿವ್. ಅದನ್ನೇ ನೆಚ್ಚಿಕೊಂಡು ನಾನು ಸಿ.ಟಿ. ಸ್ಕ್ಯಾನನ್ನು ಮೂರು ದಿನ ಮುಂದೂಡಿದೆ. ತಪ್ಪು ನನ್ನದೇ. ಆ ಪರೀಕ್ಷೆ ಹುಡುಕುವುದು ಮುಖ್ಯವಾಗಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕೋಶಭಿತ್ತಿಯ ಸಕ್ಕರೆಯನ್ನು. ಮ್ಯೂಕರ್ ಜಾತಿಯ ಶಿಲೀಂಧ್ರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಶಿಲೀಂಧ್ರ ತಡೆಯುವ ಔಷಧಿಯನ್ನು ಮೊದಲೇ ತೆಗೆದುಕೊಳ್ಳುತ್ತಿರುವವರಲ್ಲಂತೂ ಆಸ್ಪರ್ಜಿಲಸ್ ಇದ್ದರೂ ಅದು ತಪ್ಪಿಸಿಕೊಳ್ಳಬಹುದು.

ಸ್ಕ್ಯಾನ್ ಆಗಿದ್ದರೆ ಅಂದೇ ಅನುಮಾನ ಹುಟ್ಟುತ್ತಿತ್ತು. ಆಸ್ಪರ್ಜಿಲಸ್‌ನಲ್ಲಿ ಆರಂಭದ ದಿನಗಳಲ್ಲಿ ಗಟ್ಟಿ ಗಂಟಿನ ಸುತ್ತ ಮಂಜಿನಂಥ ಪರಿವೇಷ ಕಾಣುವುದುಂಟು. ಅದು ಸುತ್ತಲಿನ ರಕ್ತಸ್ರಾವದ ಗುರುತು, ಬೇಗ ಮಾಸಿಹೋಗುತ್ತದೆ. ಮೂರು ದಿನ ತಡವಾಗಿ ಸ್ಕ್ಯಾನ್ ಮಾಡಿಸಿದಾಗ ಇವರಲ್ಲಿ ಕಂಡದ್ದು ತದ್ವಿರುದ್ಧ: ನಡುವೆ ಮಂಜು, ಸುತ್ತ ದಪ್ಪ ಬಳೆ. ಇಂಥ ರೋಗಿಯಲ್ಲಿ ಈ ಚಿತ್ರ ಕಂಡರೆ ಮೊದಲು ನೆನಪಾಗಬೇಕಾದದ್ದು ಮ್ಯೂಕರ್. "ವರದಿಯಲ್ಲಿ ಏನೂ ಇಲ್ಲ ಎಂದಿದ್ದಿರಲ್ಲ, ಡಾಕ್ಟರೇ?" ಎಂದು ಅವರ ಪತಿ ಕೇಳಿದಾಗ, ಆ ವರದಿಯನ್ನು ಅಷ್ಟು ನಂಬಬಾರದಿತ್ತು ಎಂದು ಹಾಗೆಯೇ ಹೇಳಿದೆ.

ಪ್ಲೇಟ್‌ಲೆಟ್ 18,000 ಇತ್ತು. ಪ್ಲೇಟ್‌ಲೆಟ್ ಏರಿಸಿ ಮರುದಿನ ಬೆಳಿಗ್ಗೆ ಬ್ರಾಂಕೋಸ್ಕೋಪಿ ಮಾಡಿದೆವು, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡಿದೆವು. ರಕ್ತಸ್ರಾವದ ಭಯದಿಂದ ಬಯಾಪ್ಸಿಗೆ ಕೈಹಾಕಲಿಲ್ಲ. ಆ ಭಾಗವನ್ನು ಸಲೈನ್‌ನಿಂದ ತೊಳೆದು ದ್ರವವನ್ನಷ್ಟೇ ಹೀರಿ ತೆಗೆದೆವು. ಸೀಸೆ ಹಿಡಿದು ನಾನೇ ಪ್ರಯೋಗಾಲಯಕ್ಕೆ ನಡೆದೆ. ಶಿಲೀಂಧ್ರವನ್ನು ಹೊಳೆಯಿಸುವ ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿದ ಸ್ಲೈಡಿನ ಕತ್ತಲಲ್ಲಿ ನೀಲಿ ಪಟ್ಟಿಗಳು ಹೊಳೆದವು: ಅಗಲವಾಗಿ, ಮಡಿಚಿದ ರಿಬ್ಬನ್ನಿನಂತೆ, ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ವಿರಳ, ಕವಲು ಹೆಚ್ಚುಕಡಿಮೆ ಲಂಬಕೋನದಲ್ಲಿ. ಆಸ್ಪರ್ಜಿಲಸ್‌ನ ಎಳೆ ಸಣ್ಣ, ಅಡ್ಡಗೋಡೆ ಸ್ಪಷ್ಟ, ಕವಲು 45 ಡಿಗ್ರಿಯ ಆಸುಪಾಸು. ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ, ಏಕೆಂದರೆ ಮ್ಯೂಕರ್‌ಗೆ ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಔಷಧಿ ನಾಟುವುದಿಲ್ಲ. ಮಧ್ಯಾಹ್ನವೇ ಮ್ಯೂಕರ್ ಮೇಲೆ ಕೆಲಸ ಮಾಡುವ ಲೈಪೋಸೋಮಲ್ ಆಂಫೊಟೆರಿಸಿನ್ ಶುರುಮಾಡಿದೆವು.

ನ್ಯೂಟ್ರೋಫಿಲ್‌ಗಳು ಮರಳಿದ ಮೇಲೆ ಶಸ್ತ್ರಚಿಕಿತ್ಸಕರು ಕೆಟ್ಟ ಭಾಗವನ್ನು ತೆಗೆದರು. ಆಕೆ ಮನೆಗೆ ಮರಳಿದರು. ಅಂದು ಅಂಗಾಂಶದ ಜೊತೆಗೆ ಕಳುಹಿಸಿದ ಚೀಟಿಯಲ್ಲಿ ಬರೆದದ್ದನ್ನು ಈಗಲೂ ಪ್ರತಿ ಸಲ ಬರೆಯುತ್ತೇನೆ: "ಮ್ಯೂಕರ್ ಶಂಕೆ ಇದೆ. ಅರೆಯಬೇಡಿ, ಸಣ್ಣಗೆ ಕತ್ತರಿಸಿ." ಅರೆದರೆ ಆ ಎಳೆಗಳು ಒಡೆದು ಸಾಯುತ್ತವೆ, ಕಲ್ಚರ್‌ನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ, ಮತ್ತೊಂದು ನೆಗೆಟಿವ್ ವರದಿ ನನ್ನ ಮೇಜಿಗೆ ಬರುತ್ತದೆ.